ಪುಟದ ಸದ್ದು

ಹನ್ನೊಂದು ಚಳಿಗಾಲ ಟೂರೆ ಹೆಡ್‌ಮಾರ್ಕನ ಬಲಕ್ಕೆ ಕೂತೆ,
ದಾರಿಯನ್ನು ಮಾತ್ರ ನೋಡಲಿಲ್ಲ.
ನನ್ನ ಕಣ್ಣು ತೊಡೆಯ ಮೇಲಿನ ಪುಸ್ತಕದಲ್ಲಿ,
ನಾನೇ ಪೆನ್ಸಿಲ್ಲಿನಲ್ಲಿ ಗೀಚಿಕೊಂಡ ಸಾಲುಗಳಲ್ಲಿ:
ಬಲ ನಾಲ್ಕು. ನೂರು. ದಿಬ್ಬ, ಹಾರುತ್ತೆ. ಎಡ ಮೂರು.
ಜನ ಈಗಲೂ ಕೇಳುತ್ತಾರೆ,
ಆ ಕಾಡೆಲ್ಲ ಹೇಗಿತ್ತು, ಗುನ್‌ವೋರ್?
ಏನು ಹೇಳಲಿ.
ಎಡ ತಿರುವೆಂದರೆ ಬಾಗಿಲಿನ ಹಿಡಿ ತೊಡೆಗೆ ತಿವಿಯುವುದು,
ದಿಬ್ಬವೆಂದರೆ ಹೊಟ್ಟೆ ಒಂದು ಗಳಿಗೆ
ನನ್ನದಲ್ಲದೆ ಹೋಗುವುದು. ಅಷ್ಟೇ ಕಾಡು.

ಅವನು ಹಾಲಿನ ಲಾರಿಯವನ ಮಗ.
ಹತ್ತು ವರ್ಷದವನು, ಕುಂಡಿಯ ಕೆಳಗೆ ಎರಡು ದಿಂಬು,
ಹೆಪ್ಪುಗಟ್ಟಿದ ಫ್ರೀಕೆನ್ ಸರೋವರದ ನಟ್ಟನಡುವೆ
ಲಾರಿಯನ್ನು ಬುಗುರಿಯಂತೆ ತಿರುಗಿಸಿಬಿಟ್ಟನಂತೆ.
ಖಾಲಿ ಕ್ಯಾನುಗಳ ಗಲಗಲ ಆಚೆ ದಡಕ್ಕೂ ಕೇಳಿತಂತೆ.
ಅಪ್ಪ ಬಯ್ಯಲಿಲ್ಲ. ಪೈಪಿಗೆ ಕಡ್ಡಿ ಗೀರಿ,
"ಇನ್ನೊಂದ್ಸಲ ಮಾಡು ನೋಡೋಣ,
ಬೇಕೂಂತ ಮಾಡಿದ್ದಾ, ತಾನಾಗಿ ಆಗಿದ್ದಾ?"

ಅರವತ್ತೇಳರಲ್ಲಿ ಸ್ವಂತದ ಹಸಿರು ಕಾರು.
ಹರಳೆಣ್ಣೆ ಸುಟ್ಟ ವಾಸನೆ ನನ್ನ ಕೂದಲಿಂದ
ಭಾನುವಾರದ ಪ್ರಾರ್ಥನೆಗೂ ಹೋಗುತ್ತಿರಲಿಲ್ಲ.
ಎಡಗಾಲಲ್ಲಿ ಬ್ರೇಕು, ಬಲಗಾಲಲ್ಲಿ ವೇಗ,
ಎರಡೂ ಒಟ್ಟಿಗೆ, ಹಾರ್ಮೋನಿಯಂ ತುಳಿಯುವ ಪಾದ್ರಿಯ ಹಾಗೆ.
ಆಮೇಲೆ ಕಂಪನಿಯ ಕಾರು, ಕಂಪನಿಯ ಕೋಟು.
ಫಿನ್‌ಲೆಂಡಿನಲ್ಲಿ ಎರಡು ಸಲ ಮೊದಲಿಗ.
ಕೀನ್ಯಾದಲ್ಲಿ ಜಿರಾಫೆಗೆ ದಾರಿ ಬಿಟ್ಟು ನಾಲ್ಕನೆಯವನು.
ಮೊನಾಕೋದಲ್ಲಿ ಕೊಟ್ಟ ಚಿನ್ನದ ಗಡಿಯಾರವನ್ನು
ಪೆಟ್ರೋಲು ಹಾಕುವ ಹುಡುಗನಿಗೆ ಕೊಟ್ಟು ಬಂದ.
ಸಮಯ ನೋಡೋಕೆ ನೀನಿದ್ದೀಯಲ್ಲ, ಅಂದ.

ಎಪ್ಪತ್ತಾರರ ಫೆಬ್ರವರಿ.
ಸೊನ್ನೆಯ ಕೆಳಗೆ ಇಪ್ಪತ್ತೊಂಬತ್ತು. ರಾತ್ರಿಯ ಓಟ.
ಹತ್ತೊಂಬತ್ತು ಸೆಕೆಂಡು ಮುಂದಿದ್ದೆವು.
ಅಮ್ಮ ಕಟ್ಟಿಕೊಟ್ಟ ಏಲಕ್ಕಿ ಬನ್ನು, ಅದರೊಳಗಿನ ಜಾಮು,
ಗ್ಲೌಸು ಕಳಚಿದ ನನ್ನ ಬೆರಳು.
ನಲವತ್ತೊಂದರ ನಂತರ ನಾನು ಓದಿದ್ದು ನಲವತ್ನಾಲ್ಕನೇ ಪುಟ:
ಇನ್ನೂರೈವತ್ತು, ನೇರ.
ಅಲ್ಲಿ ನೇರ ಇರಲಿಲ್ಲ.

ದಿಮ್ಮಿಗಳ ರಾಶಿಯಿದ್ದದ್ದು ಬಲಕ್ಕೆ.
ನಾನು ಕೂತದ್ದು ಬಲಕ್ಕೆ.
ಮುರಿದದ್ದು ಅವನ ಎಡ ಮಂಡಿ.
ನನಗೆ ತುಟಿ ಒಡೆದದ್ದು ಬಿಟ್ಟರೆ ಏನಿಲ್ಲ.
ಪತ್ರಿಕೆಯವರಿಗೆ ಆಸ್ಪತ್ರೆಯ ಮಂಚದಿಂದಲೇ ಹೇಳಿದ:
"ಐಸ್ ಇತ್ತು. ಐಸಿನ ಹತ್ರ ವಾದ ಮಾಡೋಕಾಗಲ್ಲ."
ಬಗ್ಗದ ಎಡಗಾಲಿಗೆ ಬ್ರೇಕು ದಕ್ಕಲಿಲ್ಲ.
ಕಂಪನಿ ಅವನ ಸೀಟನ್ನು
ಮೀಸೆ ಮೂಡದ ಹುಡುಗನಿಗೆ ಕೊಟ್ಟಿತು.

ಆಮೇಲಿನ ಇಪ್ಪತ್ತಾರು ಚಳಿಗಾಲ
ಪುರಸಭೆಯ ಹಿಮ ತಳ್ಳುವ ಗಾಡಿ, ಗಂಟೆಗೆ ಮೂವತ್ತು ಮೈಲಿಗಿಂತ ಕಡಿಮೆ,
ಅದೇ ದಾರಿಗಳು.
ಬೆಳಗಿನ ನಾಲ್ಕಕ್ಕೆ ಅದರ ಹಳದಿ ದೀಪ
ನನ್ನ ಮಲಗುವ ಕೋಣೆಯ ಗೋಡೆ ದಾಟುವಾಗ
ನಾನು ಮಗ್ಗುಲು ಬದಲಿಸುತ್ತಿದ್ದೆ.

ಮೊನ್ನೆ ನವೆಂಬರಿನಲ್ಲಿ ಪುಸ್ತಕ ತೆಗೆದುಕೊಂಡು ಹೋದೆ.
ಸಕ್ಕರೆ ಅಚ್ಚು ಹಲ್ಲಿನಲ್ಲಿ ಕಚ್ಚಿ
ಬಸಿಯಲ್ಲಿ ಕಾಫಿ ಹೀರುತ್ತ ಕೂತಿದ್ದ.
ಹೇಳಿದೆ. ಎಲ್ಲ ಒಂದೇ ಉಸಿರಿಗೆ.
"ಗೊತ್ತು," ಅಂದ. "ಆವತ್ತು ಹಾಳೆ ಮಗುಚಿದ ಸದ್ದು
ದಪ್ಪಗಿತ್ತು."
ಮತ್ತೇಕೆ ನಂಬಿದೆ ಎಂದು ಕೇಳಲು ಬಾಯಿ ಬರಲಿಲ್ಲ.
ಅವನೇ ಕೇಳಿದ: "ಅದರಲ್ಲಿ ಏನಿತ್ತು?"

ಬೆಣ್ಣೆ ಸವರುವ ಚಾಕುವಿನಿಂದ ಹಾಳೆ ಬಿಡಿಸಿದೆ.
ಅರ್ಧ ಶತಮಾನದ ಜಾಮು ಚರ್ರೆಂದಿತು.
ಹಳೆಯ ದನಿ ಎಲ್ಲಿತ್ತೋ, ಬಂತು:
ಎಂಬತ್ತು. ಎಡ ಎರಡು, ಬಿಗಿಯುತ್ತೆ. ಹೊರಗೆ ದಿಮ್ಮಿ.
ಮೇಜಿನ ಕೆಳಗೆ ಚಪ್ಪಲಿಯೊಳಗಿನ ಎಡಗಾಲು
ನೆಲವನ್ನು ಒತ್ತಿತು.

"ಕಾರು ತಿರುಗಿದ್ದು ಬೇಕೂಂತಲಾ, ಟೂರೆ?"

"ಐಸ್ ಇತ್ತು," ಅಂದ.
ಹೊರಗೆ ಹೊಸ ಹುಡುಗನ ಗಾಡಿ ಹಿಮ ತಳ್ಳುತ್ತ ಹೋಯಿತು.
ಕಿಟಕಿಗೆ ಮೂಗು ತಾಗಿಸಿ ನೋಡಿದ,
"ಬ್ಲೇಡು ಎತ್ತರವಾಯ್ತು, ಪೆದ್ದ," ಎಂದು ಗೊಣಗಿದ,
ಬಸಿಗೆ ಇನ್ನಷ್ಟು ಕಾಫಿ ಬಗ್ಗಿಸಿಕೊಂಡ.